ದ್ರಾಕ್ಷಿ ಬೀಜ, ಅಡಿಕೆ ಚೊಗರು ಮತ್ತು ಹಲ್ಲು

‘ಅಡಿಕೆಯಲ್ಲಿ ಪಾಲಿಫಿನಾಲ್ ಇದೆ, ಅದು ಹಲ್ಲು ಗಟ್ಟಿ ಮಾಡುತ್ತೆ, ಜಗಿದರೆ ಒಳ್ಳೇದು’ ಅನ್ನುವ ಮಾತು ಕೇಳಿದಾಗಲೆಲ್ಲ ನನಗೆ ಆತಂಕ ಆಗುತ್ತದೆ. ಪಾಲಿಫಿನಾಲ್ ಅಂದರೆ ಗಿಡಗಳಲ್ಲಿ ಸಿಗುವ ಒಂದು ಬಗೆಯ ರಾಸಾಯನಿಕ. ಅರ್ಧ ಮಾತು ನಿಜ. ಅದಕ್ಕೇ ಆತಂಕ ಜಾಸ್ತಿ.

ಹಲ್ಲಿನ ಮೇಲಿನ ಎನಾಮಲ್ ತೂಕದಲ್ಲಿ ಸುಮಾರು 96% ಖನಿಜ. ಕೆಳಗಿನ ಡೆಂಟಿನ್ ಹಾಗಲ್ಲ. ಅದರೊಳಗೆ ಕೊಲಾಜೆನ್ ಎಂಬ ಪ್ರೋಟೀನ್ ಎಳೆಗಳ ಬಲೆ ಇದೆ. ಫಿಲ್ಲಿಂಗ್ ಮಾಡುವಾಗ ಡಾಕ್ಟ್ರು ಆಸಿಡ್ ಹಚ್ಚಿ ಈ ಎಳೆಗಳನ್ನು ಬಿಡಿಸಿ, ನಡುವೆ ಅಂಟು ಇಳಿಸುತ್ತಾರೆ. ಅಂಟು ತಲುಪದ ಎಳೆಗಳನ್ನು ಡೆಂಟಿನ್‌ನಲ್ಲೇ ಇರುವ ಕಿಣ್ವಗಳು ನಿಧಾನಕ್ಕೆ ತಿನ್ನುತ್ತವೆ. ಫಿಲ್ಲಿಂಗ್ ಸಡಿಲವಾಗಲು ಇದೂ ಒಂದು ಕಾರಣ.

ದ್ರಾಕ್ಷಿ ಬೀಜದ ಸಾರ ಉಪಯೋಗಕ್ಕೆ ಬರುವುದು ಇಲ್ಲೇ. ಅದರ ಪಾಲಿಫಿನಾಲ್ ಎಳೆ ಎಳೆಗೂ ಗಂಟು ಹಾಕಿ ಬಿಗಿ ಮಾಡುತ್ತದೆ, ಕಿಣ್ವಗಳನ್ನೂ ತಡೆಯುತ್ತದೆ. ತಂಗಡಿ ಗಿಡದ ತೊಗಟೆಯಿಂದ ಚರ್ಮ ಹದ ಮಾಡುತ್ತಿದ್ದರಲ್ಲ, ಅಲ್ಲೂ ಟ್ಯಾನಿನ್ (ಇದೂ ಒಂದು ಬಗೆಯ ಪಾಲಿಫಿನಾಲ್) ಹೀಗೇ ಕೊಲಾಜೆನ್ ಹಿಡಿದು ತೊಗಲು ಕೊಳೆಯದಂತೆ ಕಾಯುತ್ತದೆ. ಶಿಕಾಗೋದ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ಅನಾ ಬೆಡ್ರಾನ್-ರುಸ್ಸೋ ಮತ್ತು ಜೊತೆಗಾರರು ಇದನ್ನು ಕಿತ್ತ ಹಲ್ಲುಗಳ ಮೇಲೆ ಪರೀಕ್ಷಿಸಿದ್ದಾರೆ. ನನಗೆ ಇದರ ಮೇಲೆ ತುಂಬಾ ಭರವಸೆ ಇದೆ. ಆದರೆ ಇದು ಕೊರೆದ ಹಲ್ಲಿಗೆ ನೇರ ಹಚ್ಚುವ ಮಾತು. ದ್ರಾಕ್ಷಿ ಬೀಜ ಅಗಿದರೆ, ಗ್ರೀನ್ ಟೀ ಕುಡಿದರೆ ಸವೆದ ಎನಾಮಲ್ ವಾಪಸ್ ಬರಲ್ಲ.

ಇನ್ನು ಅಡಿಕೆ. ಮಲೆನಾಡಿನಲ್ಲಿ ಹಸಿ ಅಡಿಕೆ ಬೇಯಿಸಿದ ನೀರು ಕೆಂಪಗೆ ಮಂದವಾಗುತ್ತದೆ. ಆ ಚೊಗರು ಕೈಗೆ ಹತ್ತಿದರೆ ಸೋಪಿಗೂ ಜಗ್ಗಲ್ಲ. ಅದರಲ್ಲೂ ಇದೇ ಜಾತಿಯ ಟ್ಯಾನಿನ್. ಆದರೆ ಜಗಿಯುವಾಗ ಅದು ಸೇರುವುದು ಡೆಂಟಿನ್‌ಗೆ ಅಲ್ಲ, ಕೆನ್ನೆಯ ಒಳಪದರಕ್ಕೆ. ಅಡಿಕೆಯಲ್ಲಿರುವ ಅರೆಕೋಲಿನ್ ಎಂಬ ರಾಸಾಯನಿಕ ಅಲ್ಲಿ ಕೊಲಾಜೆನ್ ಜಾಸ್ತಿ ಬೆಳೆಸುತ್ತದೆ, ಟ್ಯಾನಿನ್ ಅದು ಕರಗದಂತೆ ಬಿಗಿಯುತ್ತದೆ. ಮೆತ್ತಗಿರಬೇಕಾದ ಕೆನ್ನೆಯಲ್ಲಿ ಗಟ್ಟಿ ಪಟ್ಟಿಗಳು ಎದ್ದು, ಬಾಯಿ ತೆರೆಯುವುದೇ ಕಷ್ಟವಾಗುತ್ತದೆ. ಇದೇ ಸಬ್‌ಮ್ಯೂಕಸ್ ಫೈಬ್ರೋಸಿಸ್. ಕೆಲವರಲ್ಲಿ ಇದು ಕ್ಯಾನ್ಸರ್‌ಗೆ ತಿರುಗುತ್ತದೆ. ತಂಬಾಕು ಸೇರಿಸದ ಅಡಿಕೆಯೂ ಕ್ಯಾನ್ಸರ್ ತರುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರ ವರದಿಯಲ್ಲೇ ಹೇಳಿದೆ.

ಬೆಳೆಗಾರರ ಹೊಟ್ಟೆಪಾಡು ನನಗೆ ಗೊತ್ತು. ಚೊಗರಿನಿಂದ ಬಟ್ಟೆಗೆ ಬಣ್ಣ ಹಾಕುವವರಿದ್ದಾರೆ, ಅಂಥ ದಾರಿಗಳು ಇನ್ನೂ ಬೆಳೆಯಲಿ. ಆದರೆ ಕಾಲೇಜು ಹುಡುಗರ ಕೈಗೆ ಪಾನ್ ಮಸಾಲ ಪ್ಯಾಕೆಟ್ ಜೊತೆ ವಿಜ್ಞಾನದ ಹೆಸರಲ್ಲಿ ಸುಳ್ಳು ಧೈರ್ಯ ಕೊಡಬೇಡಿ, ದಯವಿಟ್ಟು. ಮನೆಯಲ್ಲಿ ಜಗಿಯುವವರಿದ್ದರೆ, ಮೂರು ಬೆರಳು ಒಂದರ ಮೇಲೊಂದು ಇಟ್ಟು ಬಾಯೊಳಗೆ ಹೋಗುತ್ತಾ ನೋಡಲು ಹೇಳಿ. ಹೋಗದಿದ್ದರೆ, ಇಲ್ಲವೇ ಸ್ವಲ್ಪ ಖಾರಕ್ಕೂ ಬಾಯಿ ಉರಿಯುತ್ತಿದ್ದರೆ, ಈ ವಾರವೇ ಹಲ್ಲಿನ ಡಾಕ್ಟ್ರಿಗೆ ತೋರಿಸಿ.