ಬೆಳಚಿನ ಚೀಲ

ನಾನು ಶಿರಸಿ ಕಡೆಯ ಹವ್ಯಕ. ಮೀನಿನ ರುಚಿ ನನ್ನ ನಾಲಿಗೆಗೆ ಗೊತ್ತಿಲ್ಲ. ಆದರೆ ಬಂಗಡೆಯ ಕಿವಿರು ಎತ್ತಿ ನೋಡಿದರೆ ಒಳಗೆ ಕೆಂಪಗಿರಬೇಕು, ಕಣ್ಣು ಮಸುಕಾಗಿರಬಾರದು, ಬೆರಳಿನಿಂದ ಒತ್ತಿದ ಗುಳಿ ಕೂಡಲೇ ತುಂಬಿಕೊಳ್ಳಬೇಕು ಎಂಬುದೆಲ್ಲ ನನಗೆ ಬಾಯಿಪಾಠ. ಈ ವಿದ್ಯೆಯೆಲ್ಲ ಬಂದದ್ದು ಕಾರವಾರದ ಅಕ್ಕೋರೊಬ್ಬರ ಅಂಕಣದಿಂದ. ನಮ್ಮ ಜಿಲ್ಲೆಯಲ್ಲಿ ಶಾಲೆ ಕಲಿಸುವ ಹೆಂಗಸರಿಗೆ ಅಕ್ಕೋರು ಎನ್ನುತ್ತೇವೆ. ನಿವೃತ್ತರಾದರೂ ಆ ಪಟ್ಟ ಇಳಿಯುವುದಿಲ್ಲ. ಅವರು ಬರೆಯುವುದು ಮೀನು, ಮಳೆ, ನೆರೆಮನೆಯ ಬೆಕ್ಕು, ಇಷ್ಟೇ. ನಾನು ತೆಳ್ಳೇವು ಮುರಿದು ಚಟ್ನಿಗೆ ಅದ್ದುತ್ತಾ ಅವರ ಮೀನುಸಾರು ಓದುತ್ತೇನೆ. ಹೆಂಡತಿ ಇದನ್ನು ‘ಮಾನಸಿಕ ಮಾಂಸಾಹಾರ’ ಎಂದು ಕರೆದಿದ್ದಾಳೆ.

ಏಪ್ರಿಲ್ ರಜೆಗೆ ಕಾರವಾರಕ್ಕೆ ಹೋಗೋಣ ಎಂದದ್ದು ಮಗಳು. ದೇವಿಮನೆ ಘಟ್ಟ ಇಳಿದು, ಕುಮಟೆ, ಅಂಕೋಲೆ ದಾಟಿ ಊರು ಸೇರುವಷ್ಟರಲ್ಲಿ ಸೆಕೆಗೆ ಅಂಗಿ ಬೆನ್ನಿಗೆ ಅಂಟಿತ್ತು. ಅವಳಿಗೆ ಕಡಲ ದಂಡೆಯ ಮೇಲೆ ನಿಂತಿರುವ ‘ಚಪಲ್’ ಯುದ್ಧನೌಕೆಯನ್ನು ಹತ್ತಬೇಕಿತ್ತು, ಹತ್ತಿದಳು. ನನಗೆ ಮೀನುಪೇಟೆ ನೋಡಬೇಕಿತ್ತು. ಬಾಯಿ ಬಿಟ್ಟು ಹೇಳಲು ನಾಚಿಕೆಯಾಗಿ, ಮರುದಿನ ಬೆಳಿಗ್ಗೆ ‘ಸುಮ್ಮನೆ ಒಂದು ಸುತ್ತು’ ಎಂದು ಹೊರಟೆ. ಹೆಂಡತಿ ಮೂಗಿಗೆ ಸೆರಗು ಹಿಡಿದು ಹಿಂದೆಯೇ ಬಂದಳು.

ಓದಿದ ಊರಿಗೆ ಮೊದಲ ಸಲ ಹೋದರೆ ಆಗುವ ಗೊಂದಲವೇ ಬೇರೆ. ಬುಟ್ಟಿಗಳಲ್ಲಿದ್ದ ಒಂದೊಂದು ಜಾತಿಗೂ ಹೆಸರು ಹೇಳಬಲ್ಲೆ ಎಂದುಕೊಂಡಿದ್ದವನಿಗೆ ಎಲ್ಲವೂ ಬೆಳ್ಳಗೆ, ಒದ್ದೆಯಾಗಿ, ಒಂದೇ ಥರ ಕಂಡವು. ಕೊನೆಯ ಸಾಲಿನಲ್ಲಿ ಬೆಳಚಿನ ಗುಂಪೆಗಳಿದ್ದವು. ಕೊಂಕಣಿಯವರು ತಿಸರೆ ಎನ್ನುವ ಕಪ್ಪೆಚಿಪ್ಪು ಅದು. ಅಲ್ಲಿ ಕುಳ್ಳಗಿನ ಹೆಂಗಸೊಬ್ಬರು ಕುಕ್ಕರುಗಾಲಿನಲ್ಲಿ ಕುಳಿತು, ಎರಡೆರಡು ಚಿಪ್ಪು ಎತ್ತಿ ಒಂದಕ್ಕೊಂದು ತಟ್ಟಿ, ತಲೆ ಓರೆ ಮಾಡಿ ಕೇಳುತ್ತಿದ್ದರು. ಟಕ್ ಎಂದರೆ ಚೀಲಕ್ಕೆ, ಡಬ್ ಎಂದರೆ ವಾಪಸು ಗುಂಪೆಗೆ. ಡಬ್ ಎಂದದ್ದರೊಳಗೆ ಬರೀ ಕೆಸರು; ಅಂಥದ್ದೊಂದು ಬಾಯಿ ಬಿಟ್ಟರೆ ಇಡೀ ಪಾತ್ರೆ ಹಾಳು. ಇದನ್ನು ನನಗೆ ಯಾರೂ ಅಲ್ಲಿ ಹೇಳಲಿಲ್ಲ. ನಾನು ಅದನ್ನು ನಾಲ್ಕು ಸಲ ಓದಿದ್ದೆ. ‘ವೀಣೆ ಶ್ರುತಿ ಮಾಡುವವರ ಹಾಗೆ’ ಎಂದು ಅವರೇ ಬರೆದಿದ್ದರು. ಅಂಕಣದ ಅಂಚೆಚೀಟಿ ಗಾತ್ರದ ಫೋಟೋದಲ್ಲಿ ಕಪ್ಪು ಕೂದಲಿತ್ತು, ಇಲ್ಲಿ ಪೂರಾ ಬಿಳಿ. ಆದರೆ ಆ ಓರೆ ತಲೆ ಅವರದೇ.

“ಅಕ್ಕೋರೇ” ಎಂದೆ.

ಅವರು ಕತ್ತೆತ್ತಿ, “ಯಾವ ವರ್ಷ ಹತ್ತನೇತ್ತ ಪಾಸಾದದ್ದು?” ಎಂದರು.

ನಾನು ಅವರ ವಿದ್ಯಾರ್ಥಿಯಲ್ಲ, ಓದುಗ ಎಂದು ಬಿಡಿಸಿ ಹೇಳಬೇಕಾಯಿತು. ಹೇಳಿದ ಮೇಲೆ ಮುಂದೇನು ಎಂದು ತೋಚಲಿಲ್ಲ. ಅವರ ಮಂಡಿನೋವು, ಬೆಕ್ಕಿನ ಮೂರನೇ ಹೆರಿಗೆ, ತೀರಿಕೊಂಡ ಯಜಮಾನರಿಗೆ ಚಹಾಕ್ಕೆ ಶುಂಠಿ ಹೆಚ್ಚಿರಬೇಕಿತ್ತು ಎಂಬುದು ಎಲ್ಲ ನನಗೆ ಗೊತ್ತು. ಅವರಿಗೆ ನನ್ನ ಹೆಸರೂ ಗೊತ್ತಿಲ್ಲ. ಮಂಡಿ ಹೇಗಿದೆ ಎಂದು ಕೇಳಿದರೆ ಪತ್ತೇದಾರ ಎಂದುಕೊಂಡಾರು. ಅದಕ್ಕೇ, “ನಿಮ್ಮ ಬೆಳಚಿನ ಲೇಖನ ಬಹಳ ಚೆನ್ನಾಗಿತ್ತು” ಎಂದೆ.

“ಮಾಡಿ ನೋಡಿದಿರೋ?”

“ಇಲ್ಲ, ನಾವು ಹವ್ಯಕರು.”

ಅವರು ನಕ್ಕದ್ದು ನೋಡಬೇಕಿತ್ತು. ಕೈಯಲ್ಲಿದ್ದ ಚಿಪ್ಪುಗಳು ಜಾರಿಬಿದ್ದವು. ಮೀನು ಮಾರುವಾಕೆಗೆ ಕೊಂಕಣಿಯಲ್ಲಿ ಅನುವಾದವಾಯಿತು, ಆಕೆಯೂ ನಕ್ಕಳು, ಪಕ್ಕದವಳೂ ನಕ್ಕಳು. ಅಷ್ಟರಲ್ಲಿ ಅಕ್ಕೋರ ದೃಷ್ಟಿ ಮೂಗು ಮುಚ್ಚಿಕೊಂಡಿದ್ದ ನನ್ನ ಹೆಂಡತಿಯ ಮೇಲೆ ಬಿತ್ತು. “ಶಿರಸಿಯವರಾದರೆ ಒಂದು ಮಾತು ಹೇಳಿ. ಹೋದ ವರ್ಷ ನನ್ನ ಅಪ್ಪೆಮಿಡಿ ಉಪ್ಪಿನಕಾಯಿ ಒಂದು ಭರಣಿ ಪೂರ್ತಿ ಬೂಸಲು ಹಿಡಿಯಿತು. ಎಲ್ಲಿ ತಪ್ಪಿದೆ?”

ಹೆಂಡತಿಯ ಸೆರಗು ಮೂಗಿನಿಂದ ಇಳಿಯಿತು. ತೊಟ್ಟು ಎಷ್ಟು ಉದ್ದ ಬಿಟ್ಟಿದ್ದಿರಿ, ಹರಳುಪ್ಪೋ ಪುಡಿಯುಪ್ಪೋ, ಮಿಡಿ ಚಿರುಟುವವರೆಗೆ ಕಾದಿರೋ, ಖಾರ ಕಲಸುವ ಮೊದಲು ಉಪ್ಪುನೀರನ್ನು ಕುದಿಸಿ ಪೂರ್ತಿ ಆರಿಸಿದಿರೋ ಎಂದು ಪಾಟೀಸವಾಲು ಶುರುವಾಯಿತು. ಆರಿಸಿರಲಿಲ್ಲವಂತೆ, ಉಗುರುಬೆಚ್ಚಗಿರುವಾಗಲೇ ಹಾಕಿದ್ದರಂತೆ. “ಅಲ್ಲೇ ನೋಡಿ!” ಎಂದು ಹೆಂಡತಿ ಮೀನುಪೇಟೆಯ ನಟ್ಟನಡುವೆ ಗೆದ್ದವಳಂತೆ ನಿಂತಳು. ಅಕ್ಕೋರು ಬರೆದುಕೊಳ್ಳಲು ಚೀಟಿ ತೆಗೆಯಬೇಕಿತ್ತು, ಕೈ ಖಾಲಿಯಿರಲಿಲ್ಲ. “ಇದನ್ನು ಸ್ವಲ್ಪ ಹಿಡಿಯಿರಿ” ಎಂದು ಬೆಳಚಿನ ಚೀಲವನ್ನು ನನಗೆ ಕೊಟ್ಟರು.

ಇಪ್ಪತ್ತು ನಿಮಿಷ ಹಿಡಿದಿದ್ದೆ. ಚೀಲದ ತಳದಿಂದ ಉಪ್ಪುನೀರು ನನ್ನ ಚಪ್ಪಲಿಗೆ ತೊಟ್ಟಿಕ್ಕುತ್ತಿತ್ತು. ಒಳಗಿನಿಂದ ಒಂದು ಚಿಪ್ಪು ತುಸು ಬಾಯಿ ತೆರೆದು ನನ್ನ ಮುಂಗೈಗೆ ಚಿಳ್ಳೆಂದು ನೀರು ಚಿಮ್ಮಿಸಿತು. ಜೀವವಿರುವುದಕ್ಕೆ ಅದು ಗುರುತು ಎಂದು ಓದಿದ್ದೆನಾದರೂ, ಚೀಲ ಬಿಟ್ಟುಬಿಡುವವನಿದ್ದೆ.

ಸಂಜೆ ಟಾಗೋರ್ ಕಡಲತೀರದಲ್ಲಿ ಕುಳಿತಾಗ ಮನಸ್ಸು ಆ ದಾಡಿಯ ಕವಿಯ ಕಡೆ ಹೋಯಿತು. 1883ರಲ್ಲಿ ಅವರು ಇಲ್ಲಿಗೆ ಬಂದಾಗ ದಾಡಿಯ ವಯಸ್ಸಲ್ಲ, ಇಪ್ಪತ್ತೆರಡರ ತರುಣ. ಅಣ್ಣ ಸತ್ಯೇಂದ್ರನಾಥರು ಇಲ್ಲಿ ನ್ಯಾಯಾಧೀಶರು. ಒಂದು ಬೆಳದಿಂಗಳ ರಾತ್ರಿ ಇವರೆಲ್ಲ ಕಾಳಿ ನದಿಯಲ್ಲಿ ದೋಣಿ ಹತ್ತಿ ಹೋಗಿ, ಯಾರೋ ರೈತನ ಚೊಕ್ಕವಾಗಿ ಗುಡಿಸಿದ ಅಂಗಳದಲ್ಲಿ ಕುಳಿತು ತಂದ ಬುತ್ತಿ ಬಿಚ್ಚಿ ಉಂಡರು. ಮುಂದೆ ಕವಿ ಅದನ್ನು ನೆನೆದು ಬರೆದರು. ಅಂಗಳ ಬಂತು, ಬೆಳದಿಂಗಳು ಬಂತು, ಅಂಗಳದವನ ಹೆಸರು ಬರಲಿಲ್ಲ. ಆ ರೈತ ಕವಿಯನ್ನು ಕಂಡಿದ್ದಾನು, ಓದಿರಲಿಕ್ಕಿಲ್ಲ. ಬೆಳಿಗ್ಗೆ ಎದ್ದು ಹೆಂಡತಿಗೆ ‘ಪೇಟೆಯವರು ಎಲೆ ಎತ್ತಿದರೋ ಇಲ್ಲವೋ ನೋಡು’ ಎಂದಿರಬೇಕು.

ಊರಿಗೆ ಮರಳಿದ ಮೇಲೆ ಮೂರು ಕಂತು ಅಂಕಣ ಬಂತು. ಮೊದಲೆರಡನ್ನು ನಾನು ಯಾಕೆ ಅಷ್ಟು ಅವಸರದಲ್ಲಿ ಬಿಡಿಸಿದೆ ಎಂದು ಹೇಳಬೇಕಾಗಿಲ್ಲ. ಮೂರನೆಯದು ಅಪ್ಪೆಮಿಡಿಯ ಮೇಲೆ. ಮೀನುಪೇಟೆಯಲ್ಲಿ ಸಿಕ್ಕ ಶಿರಸಿಯ ತಂಗಿಯೊಬ್ಬಳ ಬಗ್ಗೆ, ಅವಳ ಕಣ್ಣು, ಅವಳ ಪ್ರಶ್ನೆ, ಉಪ್ಪುನೀರಿನ ಬಗೆಗಿನ ಅವಳ ಶ್ರದ್ಧೆ ಕುರಿತು ಎರಡು ಕಾಲಂ. ಹೆಂಡತಿ ಅದನ್ನು ಕತ್ತರಿಸಿ ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ್ದಾಳೆ. ಕೆಳಗಿನಿಂದ ನಾಲ್ಕನೇ ಸಾಲಿನಲ್ಲಿ ನಾನೂ ಇದ್ದೇನೆ: ‘ಜೊತೆಗಿದ್ದವರು ಪಾಪ, ಚೀಲ ಹಿಡಿದುಕೊಂಡರು.’