ಕತ್ತಲಿಗೆ ಕಾರಣ ಗಾಳಿಯ ಏರಿಳಿತವಲ್ಲ

2016ರ ಸೆಪ್ಟೆಂಬರ್ 28ರಂದು ಆಸ್ಟ್ರೇಲಿಯಾದ ಸೌತ್ ಆಸ್ಟ್ರೇಲಿಯಾ ರಾಜ್ಯ ಪೂರ್ತಿ ಕತ್ತಲಾಗಲು ‘ಗಾಳಿಯ ಏರಿಳಿತವೇ ಕಾರಣ’ ಎಂದು ಲೇಖನವೊಂದರಲ್ಲಿ ಅದರ ಲೇಖಕರು ಹೇಳಿರುವ ಮಾತು ಒಪ್ಪುವಂಥದ್ದಲ್ಲ. ಆ ಹೊತ್ತಿಗೆ ಅಲ್ಲಿನ ವಿಂಡ್ ಫಾರ್ಮ್‌ಗಳು (ಗಾಳಿಯಂತ್ರಗಳ ಸ್ಥಾವರಗಳು) ಸುಮಾರು 880 ಮೆಗಾವ್ಯಾಟ್ ಕೊಡುತ್ತಿದ್ದವು. ಸುಂಟರಗಾಳಿಗೆ ವಿದ್ಯುತ್ ಲೈನಿನ ಟವರ್‌ಗಳು ಉರುಳಿ ಎರಡು ನಿಮಿಷದಲ್ಲಿ ಆರು ಸಲ ವೋಲ್ಟೇಜ್ ಕುಸಿಯಿತು. ಮೊದಮೊದಲ ಕುಸಿತಗಳನ್ನು ಟರ್ಬೈನ್‌ಗಳು ತಾಳಿಕೊಂಡವು. ಆದರೆ ಎರಡು ನಿಮಿಷದೊಳಗೆ ಕುಸಿತಗಳು ಇಂತಿಷ್ಟು ಸಲ ಮೀರಿದರೆ ಉತ್ಪಾದನೆ ನಿಲ್ಲಿಸುವ ಮಿತಿಯೊಂದು ಹಲವು ಫಾರ್ಮ್‌ಗಳ ಕಂಟ್ರೋಲರ್‌ನಲ್ಲಿತ್ತು, ಗ್ರಿಡ್ ನಡೆಸುವವರಿಗೇ ಅದು ತಿಳಿದಿರಲಿಲ್ಲ! ಏಳು ಸೆಕೆಂಡಿನೊಳಗೆ 456 ಮೆಗಾವ್ಯಾಟ್ ಹೋಯಿತು. ಕೊರತೆಯೆಲ್ಲ ಪಕ್ಕದ ವಿಕ್ಟೋರಿಯಾ ರಾಜ್ಯದಿಂದ ವಿದ್ಯುತ್ ತರುವ ಹೇವುಡ್ ಲೈನಿನ ಮೇಲೆ ಬಿದ್ದು ಅದೂ ಟ್ರಿಪ್. ಆಮೇಲೆ ಗ್ರಿಡ್‌ನ ಫ್ರೀಕ್ವೆನ್ಸಿ (ಸಾಮಾನ್ಯವಾಗಿ 50 ಹರ್ಟ್ಸ್) ಸೆಕೆಂಡಿಗೆ ಸುಮಾರು 6 ಹರ್ಟ್ಸ್‌ನಂತೆ ಬೀಳುವಾಗ ಲೋಡ್ ಕಡಿತದ ರಿಲೇಗಳು (ಗ್ರಿಡ್ ಉಳಿಸಲು ಕೆಲವು ಬಳಕೆದಾರರ ಸರಬರಾಜು ತಾನಾಗಿ ಕಡಿಯುವ ಸಾಧನಗಳು) ಏನು ಮಾಡಿಯಾವು?

ಪವನ ವಿದ್ಯುತ್ತಿನ ಪಾತ್ರವೇ ಇಲ್ಲ ಎನ್ನುತ್ತಿಲ್ಲ. ಗಾಳಿಯಂತ್ರಗಳಿಂದ ಕನ್ವರ್ಟರ್ ಎಂಬ ಎಲೆಕ್ಟ್ರಾನಿಕ್ ಸಾಧನದ ಮೂಲಕ ಬರುವ ವಿದ್ಯುತ್ತು, ಉಷ್ಣ ಸ್ಥಾವರದ ಭಾರೀ ತಿರುಗುವ ರೋಟರ್‌ನಂತೆ ತಾನಾಗಿ ಜಡತ್ವ (ಫ್ರೀಕ್ವೆನ್ಸಿ ಬೇಗ ಬೀಳದಂತೆ ತಡೆಯುವ ಗುಣ) ಕೊಡುವುದಿಲ್ಲ. ಅದನ್ನು ತುಂಬಲೆಂದೇ ಡೇವನ್‌ಪೋರ್ಟ್ ಮತ್ತು ರಾಬರ್ಟ್ಸ್‌ಟೌನ್‌ಗಳಲ್ಲಿ ತಲಾ ಎರಡು ಸಿಂಕ್ರೊನಸ್ ಕಂಡೆನ್ಸರ್‌ಗಳು (ಇಂಧನವಿಲ್ಲದೆ ಗ್ರಿಡ್ ಜತೆ ತಿರುಗುವ ಯಂತ್ರಗಳು), ಭಾರದ ಚಕ್ರವಾದ ಫ್ಲೈವೀಲ್ ಸಮೇತ, 2021ರಲ್ಲಿ ಬಂದವು. ಕುಸಿತದ ಮಿತಿ ಸರಿಪಡಿಸಲು ಮಾತ್ರ ಕಂಟ್ರೋಲರ್ ಸೆಟ್ಟಿಂಗ್ ಬದಲಿಸಿದರೆ ಸಾಕಾಗಿತ್ತು, ಘಟನೆಯ ಬೆನ್ನಲ್ಲೇ ಅದನ್ನು ಬದಲಿಸಿದರು.