ಊತ ಇಲ್ಲದ ದಿನಗಳನ್ನೂ ಕೇಳಬೇಕು

"ತಿಂಗಳಿಗೆ ಎಷ್ಟು ಸಲ ಊದಿಕೊಳ್ಳುತ್ತೆ?" ಹೆರೆಡಿಟರಿ ಆಂಜಿಯೋಎಡಿಮಾ (ಎಚ್‌ಎಇ), ಅಂದರೆ ವಂಶಪಾರಂಪರ್ಯವಾಗಿ ಬಂದು ಮೈ ಮತ್ತೆ ಮತ್ತೆ ಊದಿಸುವ ಕಾಯಿಲೆ, ಇರುವವರ ಕಷ್ಟವನ್ನು ಬರೀ ಈ ಪ್ರಶ್ನೆಯಿಂದ ಅಳೆಯುವುದು ತಪ್ಪು. "ಒಂದೇ ಸಲ" ಅಂದರೆ ರೋಗ ಹತೋಟಿಯಲ್ಲಿದೆ ಅಂತ ಬರೆದುಕೊಳ್ಳುವುದು ಇನ್ನೂ ದೊಡ್ಡ ತಪ್ಪು.

ಸುಮಾರು 50,000 ಜನರಲ್ಲಿ ಒಬ್ಬರಿಗೆ ಬರುವ ಕಾಯಿಲೆ ಇದು. ಸಿ1 ಇನ್ಹಿಬಿಟರ್ ಎಂಬ ಪ್ರೋಟೀನ್ ಕಡಿಮೆ ಇರುತ್ತೆ, ಇಲ್ಲವೇ ಇದ್ದೂ ಕೆಲಸ ಮಾಡುವುದಿಲ್ಲ. ಆಗ ರಕ್ತನಾಳವನ್ನು ಸಡಿಲಿಸುವ ಬ್ರಾಡಿಕೈನಿನ್ ಎಂಬ ರಾಸಾಯನಿಕ ಹೆಚ್ಚಿ, ರಕ್ತನಾಳದಿಂದ ನೀರು ಸೋರಿ ಊತ ಬರುತ್ತೆ. ಅಲರ್ಜಿಯಲ್ಲಿ ಹೊರಬರುವ ಹಿಸ್ಟಮಿನ್‌ನಿಂದ ಆಗುವ ಊತ ಅಲ್ಲವಾದ್ದರಿಂದ ಅಲರ್ಜಿ ಮಾತ್ರೆಗೂ ಸ್ಟಿರಾಯ್ಡ್‌ಗೂ ಬಗ್ಗಲ್ಲ. ಚಿಕಿತ್ಸೆ ಸಿಗದಿದ್ದರೆ 2ರಿಂದ 5 ದಿನ ಹಿಡಿಯುತ್ತೆ. ಕರುಳು ಊದಿದ್ದನ್ನು ಅಪೆಂಡಿಕ್ಸ್ ಅಂದುಕೊಂಡು ಹೊಟ್ಟೆ ಕೊಯ್ದದ್ದೂ ಉಂಟು. ಗಂಟಲು ಊದಿದರೆ ಜೀವಕ್ಕೇ ಸಂಚಕಾರ. ತಿಂಗಳಿಗೆ ಮೂರು ದಿನ ಊದಿಕೊಂಡವರು ಮಿಕ್ಕ ಇಪ್ಪತ್ತೇಳು ದಿನ, ಮತ್ತೆ ಊತ ಕೆರಳೀತೆಂದು ಹಲ್ಲು ಕೀಳಿಸಲೂ ಹೆದರುತ್ತಾರೆ.

ಇದನ್ನು ಅಳೆಯಲು ಎಇ-ಕ್ಯೂಒಎಲ್ ಎಂಬ, ಆಂಜಿಯೋಎಡಿಮಾ ಇರುವವರ ಬದುಕಿನ ಗುಣಮಟ್ಟ ಕೇಳುವ ಪ್ರಶ್ನಾವಳಿ ಇದೆ. ಕಳೆದ 4 ವಾರಗಳ ಬಗ್ಗೆ 17 ಪ್ರಶ್ನೆ: ದಿನನಿತ್ಯದ ಕೆಲಸಕ್ಕೆ 4, ಸುಸ್ತು ಮತ್ತು ಮನಸ್ಥಿತಿಗೆ 5, ಭಯ ಮತ್ತು ಮುಜುಗರಕ್ಕೆ 6, ಊಟಕ್ಕೆ 2. ಪ್ರತಿಯೊಂದಕ್ಕೂ 0ಯಿಂದ 4 ಅಂಕ. ಒಟ್ಟು ಅಂಕವನ್ನು 68ರಿಂದ ಭಾಗಿಸಿ 100ರಿಂದ ಗುಣಿಸಬೇಕು. ಹೆಚ್ಚು ಬಂದಷ್ಟೂ ಬದುಕು ಹೆಚ್ಚು ಕಷ್ಟ. ನಾಲ್ಕು ಭಾಗಗಳ ಸರಾಸರಿ ತೆಗೆದರೆ ಲೆಕ್ಕ ಕೆಡುತ್ತೆ. ಎರಡೇ ಪ್ರಶ್ನೆಯ ಊಟದ ಭಾಗ ಆರು ಪ್ರಶ್ನೆಯ ಭಯದಷ್ಟೇ ತೂಗಿಬಿಡುತ್ತೆ. ಅಂಕ 6ರಷ್ಟು ಇಳಿದರೆ ರೋಗಿಗೆ ನಿಜವಾದ ವ್ಯತ್ಯಾಸ ಗೊತ್ತಾಗಿದೆ ಎಂದು ಲೆಕ್ಕ.

ಆದರೆ ಮಕ್ಕಳಿಗೂ ಬರುತ್ತೇನೋ ಎಂಬ ಚಿಂತೆಯನ್ನು ಇದು ಕೇಳುವುದಿಲ್ಲ. ತಂದೆ ಅಥವಾ ತಾಯಿಗಿದ್ದರೆ ಪ್ರತಿ ಮಗುವಿಗೂ ಬರುವ ಸಾಧ್ಯತೆ ಶೇ. 50. ಸ್ಪೇನ್‌ನಲ್ಲಿ ಹುಟ್ಟಿದ, 25 ಪ್ರಶ್ನೆಗಳ ಎಚ್‌ಎಇ-ಕ್ಯೂಒಎಲ್ ಎಂಬ ಇನ್ನೊಂದು ಪ್ರಶ್ನಾವಳಿಯಲ್ಲಿ ಆ ಚಿಂತೆಗೇ ಒಂದು ಭಾಗವಿದೆ. ಎರಡನ್ನೂ ಜೊತೆಗೆ ಬಳಸುವುದೇ ಸರಿ.

ಕನ್ನಡದಲ್ಲಿ ಕೇಳುವಾಗ ಒಂದೊಂದು ಪದಕ್ಕೂ ಬೆಲೆ ಇದೆ. ಊಟದ ಪ್ರಶ್ನೆಯಲ್ಲಿ 'ಪಥ್ಯ' ಅಂತ ಹಾಕಿ ನೋಡಿ, "ಡಾಕ್ಟ್ರು ಏನೂ ಪಥ್ಯ ಹೇಳಿಲ್ಲ" ಅಂತ ಸೊನ್ನೆ ಹಾಕಿಬಿಡುತ್ತಾರೆ. ಹೊಟ್ಟೆ ನೋವಿಗೆ ಹೆದರಿ ತಾವಾಗೇ ಬಿಟ್ಟ ತಿಂಡಿ ಲೆಕ್ಕಕ್ಕೇ ಬರಲ್ಲ. 'ನಾಚಿಕೆ' ಬೇರೆ, ಊದಿದ ತುಟಿ ಹೊತ್ತು ನಾಲ್ಕು ಜನರೆದುರು ನಿಲ್ಲುವ 'ಮುಜುಗರ' ಬೇರೆ. ಪ್ರಶ್ನಾವಳಿಯ ಹಕ್ಕುದಾರರ ಅನುಮತಿ ಪಡೆದು, ಇಬ್ಬರು ಬೇರೆಬೇರೆಯಾಗಿ ಅನುವಾದಿಸಿ, ಎರಡನ್ನೂ ಕೂಡಿಸಿ, ಮೂಲ ನೋಡದ ಮತ್ತೊಬ್ಬರಿಂದ ಇಂಗ್ಲಿಷಿಗೆ ತಿರುಗಿಸಿ ತಾಳೆ ನೋಡಬೇಕು. ಆಮೇಲೆ ಐದಾರು ರೋಗಿಗಳನ್ನು ಕೂರಿಸಿಕೊಂಡು, "ಇದರಲ್ಲಿ ಏನು ಕೇಳಿದ್ದಾರೆ, ನಿಮ್ಮ ಮಾತಲ್ಲಿ ಹೇಳಿ" ಅನ್ನಬೇಕು.

ಇನ್ನೊಂದು ಮಾತು. ಒಂದೇ ಮನೆಯಲ್ಲಿ ಮೂರ್ನಾಲ್ಕು ರೋಗಿಗಳಿರುತ್ತಾರೆ. ಒಟ್ಟಿಗೆ ಕೂತು ತುಂಬಿದರೆ ಎಲ್ಲರದ್ದೂ ಒಂದೇ ಉತ್ತರ. ವಿಶ್ಲೇಷಣೆಯಲ್ಲೂ ಅವರನ್ನು ಸಂಬಂಧವಿಲ್ಲದವರಂತೆ ಎಣಿಸದೆ, ಕುಟುಂಬದ ಗುರುತು ಇಟ್ಟುಕೊಳ್ಳಬೇಕು. ಗಂಡನೋ ಅತ್ತೆಯೋ ಪಕ್ಕದಲ್ಲೇ ನಿಂತಿದ್ದರೆ ಸೊಸೆ ಭಯದ ಆರೂ ಪ್ರಶ್ನೆಗೆ "ಏನೂ ಇಲ್ಲ" ಅಂತಲೇ ಗುರುತು ಹಾಕಬಹುದು. ಪ್ರಶ್ನಾವಳಿ ತುಂಬುವವರಿಗೆ ಬೇರೆ ಕೋಣೆ, ಒಂದು ಕುರ್ಚಿ, ಅರ್ಧ ಗಂಟೆ ಬಿಡುವು ಕೊಡಿ.